ನವಣೆ ಅನ್ನ ಉಂಡ ದೇವರು

ನಮ್ಮ ಮನೆ ಬಾಗಿಲಲ್ಲಿ ಮಾವಿನ ತೋರಣದ ಪಕ್ಕಕ್ಕೇ ಬಿದಿರೆಲೆಯ ಒಂದು ಒಣ ಕಟ್ಟು ತೂಗುತ್ತದೆ. ಜಪಾನಿನ ಕ್ಯೋಟೋದ ಗಿಯೋನ್ ಜಾತ್ರೆಯಿಂದ ತಂದ ಚಿಮಾಕಿ. ಅಲ್ಲಿ ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬಿಗೂ ಇದೇ ಹೆಸರು. ನಾನೂ ತಿನ್ನುವುದೇ ಇರಬೇಕೆಂದು ಕೊಂಡವಳು. ಬಿಚ್ಚಲು ಹೊರಟಾಗ ಮಾರುತ್ತಿದ್ದ ಹುಡುಗಿ ನಗುತ್ತ ಎದುರು ಮನೆಯ ಬಾಗಿಲಿನತ್ತ ಕೈ ತೋರಿಸಿದಳು. ಅಲ್ಲೂ ಒಂದು ತೂಗುತ್ತಿತ್ತು. ಅದರ ಚೀಟಿಯಲ್ಲಿ ಇರುವುದು ಇಷ್ಟೇ: ನಾವು ಸೊಮಿನ್ ಶೋರೈನ ಸಂತತಿಯವರು.

ಸೊಮಿನ್ ಒಬ್ಬ ಬಡವ, ಅವನ ಒಡಹುಟ್ಟಿದವನು ಸಿರಿವಂತ. ಒಂದು ಸಂಜೆ ದಾರಿಹೋಕನೊಬ್ಬ ತಂಗಲು ಜಾಗ ಕೇಳಿದ. ಸಿರಿವಂತ ಕದ ಹಾಕಿದ. ಸೊಮಿನ್ ನವಣೆ ದಂಟಿನ ಆಸನ ಹಾಕಿ, ನವಣೆ ಅನ್ನ ಬಡಿಸಿದ. ಬಂದವನು ಸುಸಾನೊ, ರೋಗರುಜಿನಗಳ ಒಡೆಯ. ವರ್ಷಗಳಾದ ಮೇಲೆ ಮರಳಿ ಬಂದು, ಸೊಮಿನ್‌ನ ಸಂತತಿಯ ಗುರುತಾಗಿ ಹುಲ್ಲಿನ ಬಳೆಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡವರನ್ನು ಬಿಟ್ಟು ಆ ಸಿರಿವಂತನ ಮನೆಯವರನ್ನೆಲ್ಲ ಅಳಿಸಿದ. ಮನೆಯ ಯಜಮಾನನ ತಪ್ಪಿಗೆ ಮಕ್ಕಳೇನು ಮಾಡಿದ್ದವು ಎಂಬ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಆದರೆ ಕ್ಯೋಟೋದ ರೇಷ್ಮೆ ವ್ಯಾಪಾರಿಗಳ ಬೀದಿಯಲ್ಲಿ, ಕೋಟ್ಯಧೀಶರ ಬಾಗಿಲ ಮೇಲೂ, ತಾವು ಆ ಬಡವನ ವಂಶದವರೆಂಬ ಚೀಟಿ ನೋಡಿದಾಗ ಕೈ ತಾನಾಗಿ ಮುಗಿದುಕೊಂಡಿತು.

ಈ ದೇವರನ್ನು ಹಿಂದೆ ಎತ್ತಿನ ತಲೆಯ ಗೋಜು ತೆನ್ನೋ ಎನ್ನುತ್ತಿದ್ದರು, ಬುದ್ಧ ತಂಗುತ್ತಿದ್ದ ಜೇತವನ ವಿಹಾರದ ಕಾವಲುದೇವ ಎಂದು ನಂಬುತ್ತಿದ್ದರು. ಗಿಯೋನ್ ಎಂಬ ಹೆಸರೂ ಜೇತವನದ್ದೇ. 1868ರಲ್ಲಿ ಹೊಸ ಸರ್ಕಾರ ಬುದ್ಧನನ್ನೂ ನಾಡದೇವತೆಗಳನ್ನೂ ಬೇರ್ಪಡಿಸಿದಾಗ ಈ ದೇವರ ಗುಡಿಯ ಹೆಸರು ಯಾಸಕಾ ಎಂದಾಯಿತು. ಜನರ ಬಾಯಲ್ಲಿ ಜಾತ್ರೆ ಮಾತ್ರ ಗಿಯೋನ್ ಆಗಿಯೇ ಉಳಿಯಿತು.

869ರಲ್ಲಿ ಪಿಡುಗು ಹಬ್ಬಿದಾಗ ನಾಡಿನ 66 ಪ್ರಾಂತಗಳ ಲೆಕ್ಕಕ್ಕೆ 66 ಈಟಿಗಳನ್ನು ನೆಟ್ಟು ಬೇಡಿಕೊಂಡದ್ದು ಇದರ ಮೂಲ. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಈಟಿಗಳೇ ಬೆಳೆದು ತೇರಾಗಿವೆ. ದೊಡ್ಡವು ಸುಮಾರು 25 ಮೀಟರ್ ಎತ್ತರ, 12 ಟನ್ ತೂಕ. ಮರದ ಚೌಕಟ್ಟಿಗೆ ಮೊಳೆಯಿಲ್ಲ, ಬಿಗಿಯುವುದೆಲ್ಲ ಹಗ್ಗದಲ್ಲೇ. ಜುಲೈ 17ರಂದು 23 ತೇರು, ಜುಲೈ 24ರಂದು 11 ತೇರು ಹೊರಡುತ್ತವೆ. ಗಾಲಿ ಪಕ್ಕಕ್ಕೆ ಹೊರಳುವಂಥದ್ದಲ್ಲ. ಮೂಲೆ ಬಂದಾಗ ಕೆಳಗೆ ಸೀಳಿದ ಬಿದಿರು ಹಾಸಿ, ನೀರು ಹೊಯ್ದು, ಪಕ್ಕದಿಂದ ಎಳೆಯುತ್ತಾರೆ. ಗಾಲಿಗೆ ಗೊದಮೊಟ್ಟೆ ಎಂಬ ಮರದ ತುಂಡು ಕೊಟ್ಟು ತೇರು ತಿರುಗಿಸುವುದನ್ನು ಕಂಡು ಬೆಳೆದ ನನಗೂ ಉಸಿರು ನಿಂತಿತು. ಊರ ಕೇಡನ್ನೆಲ್ಲ ಬಾಚಿಕೊಂಡು ಬಂದದ್ದೆಂದು, ಮೆರವಣಿಗೆ ಮುಗಿದ ಕೂಡಲೇ ತೇರನ್ನು ಬಿಚ್ಚಿಬಿಡುತ್ತಾರೆ.

ಪ್ರವಾಸಿಗಳು ಬಹುಪಾಲು ಅಷ್ಟಕ್ಕೇ ಹೊರಟುಬಿಡುತ್ತಾರೆ. ದೇವರು ಹೊರಡುವುದು ಆಮೇಲೆ, 17ರ ಸಂಜೆಗೆ. ಮಿಕೋಶಿ ಎಂಬ ಮೂರು ದೇವರ ಪಲ್ಲಕ್ಕಿಗಳನ್ನು ಹೆಗಲ ಮೇಲೆ ಕುಣಿಸುತ್ತ, ‘ಹೊಯಿತ್ತೊ, ಹೊಯಿತ್ತೊ’ ಎಂದು ಕೂಗುತ್ತ, ಶಿಜೋ ಬೀದಿಯ ಅಂಗಡಿಗಳ ನಡುವಿನ ಒತಾಬಿಶೋಗೆ ತರುತ್ತಾರೆ. ದೇವರ ಬಿಡದಿ ಮನೆ ಅದು. ಒಂದು ವಾರ ಅಲ್ಲೇ ವಾಸ. ಚೀಲ ಹಿಡಿದು ಸಂತೆಗೆ ಬಂದವರೂ ನಿಂತು ತಲೆಬಾಗುತ್ತಾರೆ. ಅಂದು ಗುಡಿಸಲಲ್ಲಿ ಉಂಡ ಅತಿಥಿಗೆ ಇಂದಿಗೂ ಊರ ನಡುವೆ ತಂಗುವ ಆಸೆ ಇದ್ದೀತು.

ಆ ದಿನಗಳಲ್ಲಿ ಒಂದು ವ್ರತವಿದೆ: ಏಳು ರಾತ್ರಿ ಯಾರೊಡನೆಯೂ ಮಾತಾಡದೆ ಬಂದು ಕೈಮುಗಿದರೆ ಬೇಡಿದ್ದು ಈಡೇರುತ್ತದಂತೆ. ಗಿಯೋನಿನ ನರ್ತಕಿಯರು ಹಿಂದಿನಿಂದ ನಡೆಸಿಕೊಂಡು ಬಂದದ್ದು. ಪರಿಚಯದವರು ಎದುರಾದರೂ ತುಟಿ ಬಿಚ್ಚುವಂತಿಲ್ಲ. ನಾನು ಒಂದು ರಾತ್ರಿ ಹೊರಟೆ. ಕಾಮೋ ನದಿಯ ಸೇತುವೆ ಮೇಲೆ ಹುಡುಗನೊಬ್ಬ ಡಿಕ್ಕಿ ಹೊಡೆದ. ಕಲಿತದ್ದೇ ನಾಲ್ಕು ಜಪಾನಿ ಮಾತು. ಅದರಲ್ಲೊಂದು, ‘ಸುಮಿಮಾಸೆನ್’, ಅಂದರೆ ‘ಕ್ಷಮಿಸಿ’, ಬಾಯಿಂದ ಜಾರಿಬಿಟ್ಟಿತು. ವ್ರತ ಅಲ್ಲಿಗೇ ಕೆಟ್ಟಿತು. ಉಳಿದ ದಾರಿಯನ್ನು ಸುಮ್ಮನೆ ನಡೆದು, ದೀಪಗಳ ಮುಂದೆ ನಿಂತು, ಏನನ್ನೂ ಬೇಡದೆ ಕೈಮುಗಿದು ಬಂದೆ.