ಮೊದಲು ಹಾಸಿಗೆ, ಆಮೇಲೆ ಮಂಚ

ಮಲಗುವ ಕೋಣೆಗೆ ಮಂಚ ಅಂದ ಕೂಡಲೇ ನಮ್ಮ ಕಡೆ ಮಾತು ಶುರುವಾಗುವುದು ಮರದಿಂದ. ತೇಗವೋ, ಹೊನ್ನೆಯೋ, ಹಲಸೋ? ತಲೆಕಡೆ ಕೆತ್ತನೆ ಬೇಕೋ ಬೇಡವೋ? ಕೆಳಗೆ ಬಾಕ್ಸ್ ಇರಲೋ, ಡ್ರಾಯರ್ ಇರಲೋ? ಮಂಚ ಮನೆಗೆ ಬಂದ ಮೇಲೆ ಕೈಯಲ್ಲಿ ಎಷ್ಟು ಉಳಿದಿದೆಯೋ ಅಷ್ಟಕ್ಕೆ ಹಾಸಿಗೆ. 40 ಸಾವಿರದ ಮಂಚದ ಮೇಲೆ 6 ಸಾವಿರದ ಹಾಸಿಗೆ ಹಾಕಿ, ಬೆಳಗ್ಗೆ ಸೊಂಟ ಹಿಡಿದುಕೊಂಡು ಏಳುವ ಮನೆಗಳು ಬೇಕಾದಷ್ಟಿವೆ. ರಾತ್ರಿಯಿಡೀ ಮೈ ಹೊರುವುದು ಹಾಸಿಗೆ. ಅದರ ಅಳತೆ, ದಪ್ಪ, ತೂಕ ಮೂರೂ ಗೊತ್ತಾದರೆ ಮಂಚದ ಉದ್ದಗಲ, ಎತ್ತರ, ಅಡಿಹಲಗೆ ಎಲ್ಲವೂ ಅದರ ಹಿಂದೆಯೇ ತೀರ್ಮಾನವಾಗುತ್ತವೆ. ಹಾಗಾಗಿ ಮೊದಲು ಹಾಸಿಗೆ, ಆಮೇಲೆ ಮಂಚ.

ಇವೆರಡಕ್ಕೂ ಮುಂಚೆ ಟೇಪು ಹಿಡಿದು ಕೋಣೆ ಅಳೆಯಬೇಕು. 30×40 ಸೈಟಿನ ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಎರಡನೇ ಬೆಡ್‌ರೂಮು 10×10 ಅಡಿಯ ಆಸುಪಾಸು ಇರುವುದೇ ಹೆಚ್ಚು. ಕಿಂಗ್ ಸೈಜ್ ಹಾಸಿಗೆ 6 ಅಡಿ ಅಗಲ, ಮಂಚದ ಚೌಕಟ್ಟು ಸೇರಿದರೆ 6 ಅಡಿ 4 ಇಂಚು. ನಡುವೆ ಇಟ್ಟರೆ ಎರಡೂ ಬದಿ ಉಳಿಯುವುದು ತಲಾ 22 ಇಂಚು. ಅಷ್ಟು ಜಾಗದಲ್ಲಿ ವಾರ್ಡ್‌ರೋಬಿನ ಬಾಗಿಲು ಸಲೀಸಾಗಿ ತೆರೆಯುವುದಿಲ್ಲ, ಬೆಡ್‌ಶೀಟ್ ಸಿಕ್ಕಿಸಲು ಬಗ್ಗಿದರೆ ಬೆನ್ನು ಗೋಡೆಗೆ ತಾಗುತ್ತದೆ. ಅದೇ ಕೋಣೆಗೆ 5 ಅಡಿಯ ಕ್ವೀನ್ ಹಾಕಿದರೆ ತಲಾ 28 ಇಂಚು ಸಿಗುತ್ತದೆ. ಓಡಾಡಲು ಕನಿಷ್ಠ 24 ಇಂಚು ಬೇಕು, ಮನೆಯಲ್ಲಿ ವಯಸ್ಸಾದವರಿದ್ದರೆ 30. ಹಳೇ ನ್ಯೂಸ್‌ಪೇಪರನ್ನು ಮಂಚದ ಹೊರ ಅಳತೆಗೆ ನೆಲದ ಮೇಲೆ ಅಂಟಿಸಿ ಎರಡು ದಿನ ಹಾಗೇ ಬಿಟ್ಟು ಓಡಾಡಿ ನೋಡಿ. ಬಾಗಿಲು ಎಲ್ಲಿ ತಡೆಯುತ್ತದೆ, ಫ್ಯಾನು ಎಲ್ಲಿ ಬರುತ್ತದೆ, ಸ್ವಿಚ್ ಬೋರ್ಡು ಹೆಡ್‌ಬೋರ್ಡಿನ ಹಿಂದೆ ಮುಚ್ಚಿಹೋಗುತ್ತದೆಯೇ, ಎಲ್ಲವೂ ಕಾಣುತ್ತದೆ. ಉತ್ತರಕ್ಕೆ ತಲೆ ಹಾಕಬಾರದು ಅನ್ನುವ ಮನೆಯಾದರೆ ತಲೆಕಡೆ ಯಾವ ಗೋಡೆಗೆ ಅನ್ನುವುದನ್ನು ಈ ಹಂತದಲ್ಲೇ ಮಾತಾಡಿ ಮುಗಿಸಿ. ಡ್ರಾಯರ್ ಗೋಡೆಯ ಕಡೆಗೆ ತೆರೆಯುವಂತೆ ಮಾಡಿಸಿಬಿಟ್ಟರೆ ಆಮೇಲೆ ಸರಿಮಾಡಲು ದಾರಿಯಿಲ್ಲ.

ಅಳತೆಯಲ್ಲಿ ಎಡವಟ್ಟಾಗುವುದು ಉದ್ದದಲ್ಲಿ. ನಮ್ಮ ಮಾರುಕಟ್ಟೆಯಲ್ಲಿ ಹಾಸಿಗೆಗೆ ಮೂರು ಉದ್ದಗಳಿವೆ: 72 ಇಂಚು (6 ಅಡಿ), 75 ಇಂಚು (ಆರೂಕಾಲು), 78 ಇಂಚು (ಆರೂವರೆ). ಅಗಲ ಸಿಂಗಲ್‌ಗೆ 36, ಡಬಲ್‌ಗೆ 48, ಕ್ವೀನ್‌ಗೆ 60, ಕಿಂಗ್‌ಗೆ 72 ಇಂಚು. ‘ಕ್ವೀನ್ ಸೈಜ್’ ಅಂತ ಬಾಯಲ್ಲಿ ಹೇಳಿ ಬಂದರೆ ಬಡಗಿ 75×60 ಮಾಡಿರುತ್ತಾನೆ, ಹಾಸಿಗೆ 78×60 ಬಂದಿರುತ್ತದೆ. ಇಂಚಿನಲ್ಲಿ ಬರೆದುಕೊಡಿ. ಹಳೇ ಮಂಚಕ್ಕೆ ಹಾಸಿಗೆ ತರುವುದಾದರೆ ಒಳ ಅಳತೆ ಮುಖ್ಯ. ಹಳೇ ಹಾಸಿಗೆಯನ್ನು ಅಳೆಯಬೇಡಿ, ಅದು ಬಳಸಿ ಬಳಸಿ ಅಗಲವಾಗಿರುತ್ತದೆ. ಚೌಕಟ್ಟಿನ ಒಳಗೆ ತಲೆಕಡೆ, ನಡುವೆ, ಕಾಲ್ಕಡೆ ಮೂರೂ ಕಡೆ ಟೇಪು ಹಿಡಿದು, ಬಂದ ಅಳತೆಗಳಲ್ಲಿ ಚಿಕ್ಕದನ್ನು ತೆಗೆದುಕೊಳ್ಳಿ. ಹೊಸ ಮಂಚ ಮಾಡಿಸುವಾಗ ಹಾಸಿಗೆಗಿಂತ ಉದ್ದಕ್ಕೂ ಅಗಲಕ್ಕೂ ಮುಕ್ಕಾಲು ಇಂಚು ಹೆಚ್ಚು ಬಿಡಿಸಿ. ಒಂದು ಬೆರಳು ಹೋಗುವಷ್ಟು ಸಂದಿಯಿಲ್ಲದಿದ್ದರೆ ಬೆಡ್‌ಶೀಟ್ ಸಿಕ್ಕಿಸುವುದೇ ದಿನದ ಕುಸ್ತಿಯಾಗುತ್ತದೆ. ಎರಡು ಇಂಚು ಬಿಟ್ಟರೆ ಹಾಸಿಗೆ ಸರಿದಾಡುತ್ತದೆ.

ಮಲಗುವವರ ಎತ್ತರಕ್ಕೆ 6 ಇಂಚು ಸೇರಿಸಿದರೆ ಬೇಕಾದ ಉದ್ದ ಬಂತು. 5 ಅಡಿ 8 ಇಂಚಿನವರಿಗೆ 75 ಸಾಕು, ಅದಕ್ಕಿಂತ ಎತ್ತರದವರಿಗೆ 78. ಗಂಡ ಹೆಂಡತಿಯ ತೂಕದಲ್ಲಿ ಬಹಳ ವ್ಯತ್ಯಾಸವಿದ್ದರೆ, ಅಥವಾ ಒಬ್ಬರಿಗೆ ಗಟ್ಟಿ ಒಬ್ಬರಿಗೆ ಮೆತ್ತಗೆ ಬೇಕಿದ್ದರೆ, ಒಂದೇ ಮಂಚದ ಮೇಲೆ 78×36ರ ಎರಡು ಹಾಸಿಗೆ ಹಾಕಿ. ಎರಡೂ ಒಂದೇ ದಪ್ಪ ಇರಬೇಕು, ಮೇಲೆ 2 ಇಂಚಿನ ಒಂದೇ ಟಾಪರ್ (ತೆಳು ಮೇಲ್‌ಹಾಸು) ಹಾಸಿದರೆ ನಡುವಿನ ಸಂದಿ ಮೈಗೆ ಗೊತ್ತಾಗುವುದಿಲ್ಲ. ಕಿರಿದಾದ ಮೆಟ್ಟಿಲಿನ ಮನೆಗೂ ಇದೇ ಅನುಕೂಲ. 6 ಅಡಿಯ ಸ್ಪ್ರಿಂಗ್ ಹಾಸಿಗೆಯನ್ನು ಮಡಚಲು ಬರುವುದಿಲ್ಲ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಒಳಗೆ ಏನಿದೆ ಅನ್ನುವ ವಿಷಯ. ಅಂಗಡಿಯಲ್ಲಿ ಬಟ್ಟೆ, ಬಣ್ಣ, ಹೆಸರು ತೋರಿಸುತ್ತಾರೆ. ಕೇಳಬೇಕಾದ್ದು ಯಾವ ಪದರ ಎಷ್ಟು ಇಂಚು, ಅದರ ಡೆನ್ಸಿಟಿ ಎಷ್ಟು ಅಂತ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕೆಜಿ ಅನ್ನುವ ಲೆಕ್ಕ. ಅದು ಗಟ್ಟಿತನದ ಅಳತೆಯಲ್ಲ, ಬಾಳಿಕೆಯ ಅಳತೆ. ದಿನಾ ಮಲಗುವ ಹಾಸಿಗೆಯಲ್ಲಿ ಸಾದಾ ಫೋಮು 32ಕ್ಕಿಂತ ಕಡಿಮೆ ಇರಬಾರದು, 40 ಇದ್ದರೆ ಒಳ್ಳೆಯದು. ಅದಕ್ಕಿಂತ ಹಗುರದ ಫೋಮು ವರ್ಷ ಎರಡು ವರ್ಷದಲ್ಲಿ ಸೊಂಟದ ಜಾಗದಲ್ಲಿ ಕೂತುಬಿಡುತ್ತದೆ.

ಇದನ್ನು ತೂಕದ ಮಷೀನಿನಲ್ಲೇ ಪರೀಕ್ಷೆ ಮಾಡಬಹುದು. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ 61,024ರಿಂದ ಭಾಗಿಸಿದರೆ ಘನ ಮೀಟರ್ ಬರುತ್ತದೆ. 78×60×6 ಇಂಚಿನ ಹಾಸಿಗೆಗೆ 0.46. ಇಡೀ ಹಾಸಿಗೆ 40 ಡೆನ್ಸಿಟಿ ಫೋಮು ಅಂತ ಹೇಳಿದ್ದರೆ ಫೋಮಿನ ತೂಕ ಸುಮಾರು 18 ಕೆಜಿ, 32 ಆದರೆ 15 ಕೆಜಿಗೆ ಹತ್ತಿರ. ಹೊದಿಕೆಗೆ ಒಂದೆರಡು ಕೆಜಿ ಸೇರಿಸಿಕೊಳ್ಳಿ. 40 ಅಂತ ಮಾರಿದ್ದು ಕವರ್ ಸಮೇತ 14 ಕೆಜಿ ತೂಗಿದರೆ ಹೇಳಿದ ಫೋಮು ಒಳಗಿಲ್ಲ. ಪದರಗಳು ಬೇರೆ ಬೇರೆ ಇದ್ದರೆ ಪ್ರತಿಯೊಂದನ್ನೂ ಪ್ರತ್ಯೇಕ ಲೆಕ್ಕ ಹಾಕಿ ಕೂಡಿಸಬೇಕು. ಕೆಳಗೆ 4 ಇಂಚು 90 ಡೆನ್ಸಿಟಿಯ ರೀಬಾಂಡೆಡ್, ಮೇಲೆ 2 ಇಂಚು 32ರ ಫೋಮು ಇದ್ದರೆ ಅದೇ ಅಳತೆಯ ಹಾಸಿಗೆ 32 ಕೆಜಿ ದಾಟುತ್ತದೆ. ರೀಬಾಂಡೆಡ್ ಅಂದರೆ ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು, ಕತ್ತರಿಸಿದರೆ ಬಣ್ಣಬಣ್ಣದ ಚುಕ್ಕಿ ಕಾಣುತ್ತದೆ. ಭಾರದ ಮೈಯವರಿಗೆ ಅಡಿಪದರವಾಗಿ ಒಳ್ಳೆಯದು, ಮೇಲೆ ಮೆತ್ತನೆ ಪದರವಿಲ್ಲದಿದ್ದರೆ ಕಲ್ಲಿನ ಹಾಗೆ.

ತೆಂಗಿನ ನಾರಿನ ಹಾಸಿಗೆಯನ್ನು ಈಗ ಹಳೇ ಕಾಲದ್ದು ಅಂತ ತಳ್ಳಿಹಾಕುತ್ತಾರೆ, ಅದು ತಪ್ಪು. ಸುರುಳಿ ಮಾಡಿದ ನಾರಿನ ಮೇಲೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ಹಾಳೆ ಅದು. ಗಾಳಿ ಚೆನ್ನಾಗಿ ಆಡುತ್ತದೆ, ಮಂಗಳೂರು ಕಾರವಾರದ ಸೆಕೆಗೆ ಹೇಳಿಮಾಡಿಸಿದ್ದು. ಅದರ ಶತ್ರು ಮಡಚುವುದು ಮತ್ತು ಮಕ್ಕಳ ಕುಣಿತ. ಒಮ್ಮೆ ನಾರು ಮುರಿದರೆ ಆ ಜಾಗ ಮತ್ತೆ ಏಳುವುದಿಲ್ಲ. ಸಾಗಿಸುವಾಗ ಗಾಡಿಯಲ್ಲಿ ಬಗ್ಗಿಸಿ ತುರುಕಿದ ಹಾಸಿಗೆಯಲ್ಲಿ ಮೊದಲ ದಿನದಿಂದಲೇ ಗೆರೆ ಬಿದ್ದಿರುತ್ತದೆ, ಮನೆ ಬಾಗಿಲಲ್ಲೇ ಅಂಗೈ ಒತ್ತಿ ನೋಡಿ.

ಹತ್ತಿಯ ಗಾದಿ ಮಾಡಿಸುವವರು ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಇದ್ದಾರೆ. ಪಿಂಜಾರರು, ನದಾಫರು ಬಿಲ್ಲಿನಿಂದ ಹತ್ತಿ ಹಿಂಜಿ ತುಂಬುತ್ತಿದ್ದ ಕೆಲಸ ಈಗ ಹೆಚ್ಚಾಗಿ ಮಷೀನಿಗೆ ಬಂದಿದೆ. ಸಿಂಗಲ್ ಗಾದಿಗೆ 10 ಕೆಜಿಯ ಆಸುಪಾಸು ಹತ್ತಿ ಬೇಕು. ಮೋಸ ನಡೆಯುವುದು ತುಂಬುವ ವಸ್ತುವಿನಲ್ಲಿ, ಗಾರ್ಮೆಂಟ್ ಚಿಂದಿಯನ್ನು ಹಿಂಜಿ ಬೆರೆಸುತ್ತಾರೆ. ಒಂದು ಚಿಟಿಕೆ ತೆಗೆದು ಎರಡು ಕೈಯಲ್ಲಿ ಎಳೆಯಿರಿ. ಒಳ್ಳೆ ಹತ್ತಿ ಎಳೆಎಳೆಯಾಗಿ ಬಿಡುತ್ತದೆ, ಚಿಂದಿ ಪುಡಿಯಾಗಿ ಉದುರುತ್ತದೆ, ನಡುವೆ ಬಣ್ಣದ ದಾರದ ತುಣುಕು ಕಾಣುತ್ತದೆ. ಹತ್ತಿ ಬೆವರನ್ನು ಹೀರಿ ಗಂಟು ಕಟ್ಟುವ ಕಾರಣ 15 ದಿನಕ್ಕೊಮ್ಮೆ ಬಿಸಿಲು, ಎರಡು ಮೂರು ವರ್ಷಕ್ಕೊಮ್ಮೆ ಮರುಹಿಂಜುವಿಕೆ ಬೇಕೇ ಬೇಕು. ತಾರಸಿ ಇಲ್ಲದ ಮನೆಗೆ ಇದು ಒಗ್ಗುವುದಿಲ್ಲ.

ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲಿನಿಂದ ಮಾಡಿದ ಫೋಮು, ನನ್ನ ಪ್ರಕಾರ ದುಡ್ಡಿದ್ದವರಿಗೆ ಎಲ್ಲಕ್ಕಿಂತ ಒಳ್ಳೆಯದು. ಪುಟಿಯುತ್ತದೆ, ಸಾದಾ ಫೋಮಿನಷ್ಟು ಬಿಸಿಯಾಗುವುದಿಲ್ಲ, ಬಹುಕಾಲ ಬಾಳುತ್ತದೆ. ಆದರೆ 6 ಇಂಚಿನ ಕ್ವೀನ್ ಹಾಸಿಗೆ 35 ಕೆಜಿಯ ಹತ್ತಿರ ಬರುತ್ತದೆ, ಒಬ್ಬರೇ ತಿರುಗಿಸಲು ಆಗದು. ಮೆಮೊರಿ ಫೋಮು ಮೈಶಾಖಕ್ಕೆ ಕರಗಿದಂತೆ ಒಳಗೆಳೆದುಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆನ್ನು ಬೆವೆಯುತ್ತದೆ, ಮಡಿಕೇರಿಯ ಚಳಿಯಲ್ಲಿ ಮಲಗಿದ ಮೊದಲ ಹತ್ತು ನಿಮಿಷ ಬಿಗಿಯಾಗಿರುತ್ತದೆ. ಬೇಕೇ ಬೇಕಾದರೆ ಮೇಲಿನ ಒಂದೆರಡು ಇಂಚು ಮಾತ್ರ ಸಾಕು. ಸ್ಪ್ರಿಂಗ್ ಆದರೆ ಪಾಕೆಟ್ ಸ್ಪ್ರಿಂಗ್ ತಗೊಳ್ಳಿ. ಪ್ರತಿ ಸ್ಪ್ರಿಂಗೂ ತನ್ನದೇ ಬಟ್ಟೆಚೀಲದಲ್ಲಿರುವುದರಿಂದ ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರು ಅಲ್ಲಾಡುವುದಿಲ್ಲ.

‘ಬೆನ್ನುನೋವಿಗೆ ಗಟ್ಟಿ ಹಾಸಿಗೆ’ ಅನ್ನುವ ನಂಬಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೀರ್ಘಕಾಲದ ಸೊಂಟನೋವಿದ್ದ 313 ಜನರ ಮೇಲೆ ಸ್ಪೇನಿನಲ್ಲಿ ನಡೆದ ಅಧ್ಯಯನ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 90 ದಿನಗಳ ನಂತರ ತುಂಬಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ನೋವು ಹೆಚ್ಚು ಇಳಿದಿತ್ತು. ಅಂಗಡಿಯ ‘ಆರ್ಥೋ’ ಅನ್ನುವ ಪದಕ್ಕೆ ಬಹುಪಾಲು ಗಟ್ಟಿ ಅನ್ನುವುದಷ್ಟೇ ಅರ್ಥ, ವೈದ್ಯರು ಕೊಟ್ಟ ಸರ್ಟಿಫಿಕೇಟ್ ಅಲ್ಲ. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೇ 10 ನಿಮಿಷ ಮಲಗಿ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಕೈ ಆರಾಮಾಗಿ ಆಚೆ ಈಚೆ ಓಡಾಡಿದರೆ ಹಾಸಿಗೆ ನಿಮಗೆ ಗಟ್ಟಿ. ತೂರಿಸಲೇ ಆಗದಷ್ಟು ಬಿಗಿಯಾಗಿದ್ದರೆ ತೀರಾ ಮೆತ್ತಗೆ. ಸ್ವಲ್ಪ ಒತ್ತಿ ತೂರಿಸಿದರೆ ಹೋಗಬೇಕು. ಮಗ್ಗುಲಾಗಿ ಮಲಗುವವರು ಭುಜ ನೋಡಿಕೊಳ್ಳಿ, ಐದು ನಿಮಿಷದಲ್ಲಿ ಭುಜ ಒತ್ತಲು ಶುರುವಾದರೆ ಮೇಲ್ಪದರ ಸಾಲದು. 55 ಕೆಜಿಯವರಿಗೆ ಹಿತವಾದದ್ದು 85 ಕೆಜಿಯವರಿಗೆ ತಗ್ಗಾಗಿ ಕಾಣುತ್ತದೆ, ಹಾಗಾಗಿ ಮಲಗುವವರೆಲ್ಲ ಅಂಗಡಿಗೆ ಹೋಗಬೇಕು.

ಹಾಸಿಗೆ ಗೊತ್ತಾಯಿತು, ಈಗ ಮಂಚ. ಮೊದಲು ಎತ್ತರ. ಕುರ್ಚಿಯಲ್ಲಿ ಕೂತು ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆಯಿರಿ. ಹಾಸಿಗೆ ಸೇರಿ ಮಂಚದ ಒಟ್ಟು ಎತ್ತರ ಅದಕ್ಕಿಂತ 1 ಅಥವಾ 2 ಇಂಚು ಹೆಚ್ಚಿರಲಿ, ಯಾಕೆಂದರೆ ಕೂತಾಗ ಅಂಚು ಅಷ್ಟು ಕುಸಿಯುತ್ತದೆ. ಬಹಳ ಮಂದಿಗೆ ಇದು 18ರಿಂದ 20 ಇಂಚು ಬರುತ್ತದೆ. ಮಂಡಿನೋವಿರುವ ಹಿರಿಯರಿಗೆ ಇನ್ನೊಂದು ಇಂಚು ಹೆಚ್ಚಾದರೂ ಪರವಾಗಿಲ್ಲ, ಕಾಲು ಮಾತ್ರ ನೆಲಕ್ಕೆ ಪೂರ್ತಿ ಊರಬೇಕು. ಅಂದರೆ 6 ಇಂಚಿನ ಹಾಸಿಗೆಗೆ ಅಡಿಹಲಗೆ 13 ಇಂಚಿನ ಮೇಲಿದ್ದರೆ ಸಾಕು. 18 ಇಂಚಿನ ಬಾಕ್ಸ್ ಮಂಚದ ಮೇಲೆ 10 ಇಂಚಿನ ಹಾಸಿಗೆ ಹಾಕಿದರೆ ಅಜ್ಜಿ ಕಾಲು ತೂಗಾಡಿಸಿಕೊಂಡು ಕೂರಬೇಕಾಗುತ್ತದೆ.

ಇನ್ನು ಅಡಿಯ ಗಾಳಿ. ರಾತ್ರಿ ಮೈಯಿಂದ ಹೊರಟ ತೇವ ಹಾಸಿಗೆಯೊಳಗೆ ಇಳಿಯುತ್ತದೆ. ಕೆಳಗೆ ಸಂದಿಯಿಲ್ಲದ ಪ್ಲೈವುಡ್ ಇದ್ದರೆ ಅಲ್ಲೇ ನಿಲ್ಲುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಕಳೆದು ಹಾಸಿಗೆ ಎತ್ತಿ ನೋಡಿದರೆ ಹಲಗೆಯ ಮೇಲೆ ಮನುಷ್ಯನ ಆಕಾರದಲ್ಲೇ ಬೂಸ್ಟು ಹಿಡಿದಿರುತ್ತದೆ. 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ರೀಪರ್ ಪಟ್ಟಿಗಳನ್ನು ಎರಡೆರಡು ಇಂಚು ಸಂದಿ ಬಿಟ್ಟು ಹೊಡೆಸಿ. ಸಂದಿ 3 ಇಂಚು ಮೀರಿದರೆ ಫೋಮು ಅದರೊಳಗೆ ಇಳಿಯುತ್ತದೆ. ಪ್ಲೈ ಹಲಗೆ ಆಗಲೇ ಇದ್ದರೆ ಪ್ರತಿ 6 ಇಂಚಿಗೊಂದರಂತೆ 1 ಇಂಚಿನ ತೂತು ಕೊರೆಸಿ, ಅರ್ಧ ಗಂಟೆಯ ಕೆಲಸ. 5 ಅಡಿ, 6 ಅಡಿ ಅಗಲದ ಮಂಚಕ್ಕೆ ನಡುವೆ ಉದ್ದಕ್ಕೆ ಒಂದು ತೊಲೆ, ಅದರ ಕೆಳಗೆ ನೆಲ ಮುಟ್ಟುವ ಕಾಲು ಇರಲೇಬೇಕು. ಅದಿಲ್ಲದೆ ಪಟ್ಟಿಗಳು ನಡುವೆ ಬಗ್ಗುತ್ತವೆ, ತಪ್ಪು ಹಾಸಿಗೆಯ ತಲೆಗೆ ಕಟ್ಟುತ್ತದೆ.

ಮರದಲ್ಲಿ ತೇಗವಾದರೂ ಕೆಚ್ಚು ಮಾತ್ರ ಗೆದ್ದಲಿಗೆ ಜಗ್ಗುವುದಿಲ್ಲ, ಅಂಚಿನ ಬಿಳಿ ಭಾಗವನ್ನು ಗೆದ್ದಲೂ ಕುಟ್ಟೆಹುಳುವೂ ತಿನ್ನುತ್ತವೆ. ಪಾಲಿಶ್ ಮಾಡುವ ಮುಂಚೆಯೇ ಹೋಗಿ ನೋಡಿ, ಆಮೇಲೆ ಬಣ್ಣದಲ್ಲಿ ಎಲ್ಲ ಒಂದೇ. ರಬ್ಬರ್ ಮರಕ್ಕೆ ಔಷಧಿ ಉಪಚಾರ ಆಗಿರದಿದ್ದರೆ ಮಂಚದ ಕೆಳಗೆ ಹಿಟ್ಟಿನಂಥ ಪುಡಿ ಬೀಳಲು ಶುರುವಾಗುತ್ತದೆ. ಪ್ಲೈ ಆದರೆ 710 ದರ್ಜೆಯದು ನೀರು ತಡೆಯುತ್ತದೆ. ಪಾರ್ಟಿಕಲ್ ಬೋರ್ಡಿನ ಮಂಚ ನಮ್ಮ ಮನೆಗಳಲ್ಲಿ ಹಾಳಾಗುವುದು ಬುಡದಿಂದ. ದಿನಾ ನೆಲ ಒರೆಸುವ ನೀರು ಕುಡಿದು ಉಬ್ಬುತ್ತದೆ. ಕಾಲಿಗೆ ಪ್ಲಾಸ್ಟಿಕ್ ಬುಷ್ ಹಾಕಿಸಿ. ಮಂಚದ ಕೆಳಗೆ ಪೊರಕೆ ಹೋಗಲು 6 ಇಂಚಾದರೂ ಬಿಡಿ, ಇಲ್ಲವೇ ನೆಲದವರೆಗೆ ಪೂರ್ತಿ ಮುಚ್ಚಿ.

ಬಾಡಿಗೆ ಮನೆಯಲ್ಲಿರುವವರು ಬೋಲ್ಟ್ ಹಾಕಿ ಜೋಡಿಸುವ ಮಂಚವನ್ನೇ ಕೊಳ್ಳಿ. ಪಾರ್ಟಿಕಲ್ ಬೋರ್ಡಿಗೆ ನೇರವಾಗಿ ಕೂರಿಸಿದ ಸ್ಕ್ರೂ ಒಮ್ಮೆ ಬಿಚ್ಚಿದರೆ ಮತ್ತೆ ಹಿಡಿತ ಕೊಡುವುದಿಲ್ಲ, ಎರಡನೇ ಮನೆಗೆ ಹೋಗುವಷ್ಟರಲ್ಲಿ ಕಿರಗುಟ್ಟುತ್ತದೆ. ಮರದ ಮಂಚ ಕಿರಗುಟ್ಟಿದರೆ ಬೋಲ್ಟ್ ಬಿಗಿಮಾಡಿ, ಮರಕ್ಕೆ ಮರ ಉಜ್ಜುವ ಕಡೆ ಮೇಣದ ಬತ್ತಿ ಸವರಿ. ಹೈಡ್ರಾಲಿಕ್ ಬಾಕ್ಸ್ ಬೇಕಿದ್ದರೆ ಹಾಸಿಗೆಯ ತೂಕವನ್ನು ಮೊದಲೇ ಹೇಳಿ. ಪಿಸ್ಟನ್ ಆ ತೂಕಕ್ಕೆ ಹೊಂದದಿದ್ದರೆ ಲ್ಯಾಟೆಕ್ಸ್ ಹಾಸಿಗೆ ಮೇಲೆ ನಿಲ್ಲದೆ ಕೈಮೇಲೆ ಬೀಳುತ್ತದೆ, ಹಗುರ ಫೋಮಾದರೆ ಮುಚ್ಚಲು ಮೇಲೆ ಹತ್ತಿ ಕೂರಬೇಕಾಗುತ್ತದೆ.

ಹಾಸಿಗೆ ಬಂದ ಮೊದಲ ರಾತ್ರಿಯಿಂದಲೇ ಪ್ರೊಟೆಕ್ಟರ್ ಹಾಕಿ, ಕಲೆಯಾದ ಹಾಸಿಗೆಯನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರು ದಿನಕ್ಕೇ ಸರಿಯಿಲ್ಲ ಅನ್ನಬೇಡಿ, ಮೈ ಒಗ್ಗಲು ಮೂರು ನಾಲ್ಕು ವಾರ ಬೇಕು. ಮೂರು ತಿಂಗಳಿಗೊಮ್ಮೆ ತಲೆಕಡೆಯನ್ನು ಕಾಲ್ಕಡೆಗೆ ತಿರುಗಿಸಿ. ಮೇಲೆ ಮೆತ್ತನೆ ಪದರವಿರುವುದನ್ನು ಮಗುಚಿ ಹಾಕಬೇಡಿ. ವಾರಂಟಿಯಲ್ಲಿ ಸಾಮಾನ್ಯವಾಗಿ 1 ಇಂಚಿಗಿಂತ ಆಳದ ತಗ್ಗಿಗೆ ಮಾತ್ರ ಬೆಲೆ. ಅದನ್ನು ಅಳೆಯುವುದು ಹೀಗೆ: ಬೆಡ್‌ಶೀಟ್ ತೆಗೆದು, ಹಾಸಿಗೆಯ ಅಗಲಕ್ಕೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದು, ದಾರದಿಂದ ತಗ್ಗಿನ ತಳಕ್ಕೆ ಸ್ಕೇಲು ನಿಲ್ಲಿಸಿ ಫೋಟೊ ತೆಗೆಯಿರಿ. ಬಿಲ್ಲಿನ ಜೊತೆಗೆ ಹಾಸಿಗೆ ಪಕ್ಕದ ಲೇಬಲ್ಲೂ ಬೇಕಾಗುತ್ತದೆ, ಕತ್ತರಿಸಿ ಎಸೆಯಬೇಡಿ.