ಗಾಟ್ಸೆ ಲೆಟ್ಟಿಂಗಾ: ಕೆಸರನ್ನು ಹಿಡಿದಿಟ್ಟ ಪ್ರಾಧ್ಯಾಪಕ

ಪರಿಸರ ಎಂಜಿನಿಯರಿಂಗ್ ಓದುವವರಿಗೆ ಯುಎಎಸ್‌ಬಿ (ಅಪ್‌ಫ್ಲೋ ಅನೇರೋಬಿಕ್ ಸ್ಲಡ್ಜ್ ಬ್ಲಾಂಕೆಟ್, ಅಂದರೆ ನೀರು ಕೆಸರಿನ ಪದರದ ಮೂಲಕ ಮೇಲೇರುವ, ಆಮ್ಲಜನಕವಿಲ್ಲದ ತೊಟ್ಟಿ) ರಿಯಾಕ್ಟರಿನ ಚಿತ್ರ ಬಿಡಿಸಲು ಬರುತ್ತದೆ, ಅದರ ಹಿಂದಿರುವ ಮನುಷ್ಯ ಗೊತ್ತಿರುವುದಿಲ್ಲ. ನೆದರ್ಲೆಂಡ್ಸ್‌ನ ವಾಖನಿಂಗೆನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಲೆಟ್ಟಿಂಗಾ ತಮ್ಮ ವೃತ್ತಿಜೀವನದ ಬಹುಪಾಲನ್ನು ಆಮ್ಲಜನಕವಿಲ್ಲದೆ ತ್ಯಾಜ್ಯನೀರು ಶುದ್ಧೀಕರಿಸುವ ಕೆಲಸಕ್ಕೇ ಕೊಟ್ಟರು.

ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಬಹಳ ನಿಧಾನ ಬೆಳೆಯುತ್ತವೆ. ನೀರಿನ ಜೊತೆ ಅವೂ ಹೊರಗೆ ಹರಿದುಹೋದರೆ ತೊಟ್ಟಿ ಖಾಲಿಯಾದಂತೆಯೇ. 1969ರಲ್ಲಿ ಅಮೆರಿಕದ ಯಂಗ್ ಮತ್ತು ಮೆಕಾರ್ಟಿ ಕಲ್ಲು ತುಂಬಿದ ಫಿಲ್ಟರಿನಲ್ಲಿ ಅವನ್ನು ತಡೆದು ತೋರಿಸಿದ್ದರು. ಲೆಟ್ಟಿಂಗಾ ಕಲ್ಲನ್ನೇ ತೆಗೆದುಹಾಕಿದರು. ನೀರು ತಳದಿಂದ ಮೇಲಕ್ಕೇರುತ್ತದೆ. ನೆತ್ತಿಯಲ್ಲಿರುವ ವಿಭಾಜಕ ಅನಿಲವನ್ನು ಒಂದು ಕಡೆ ಹಿಡಿದು, ಕೆಸರನ್ನು, ಅಂದರೆ ಈ ಸೂಕ್ಷ್ಮಜೀವಿಗಳ ಮುದ್ದೆಯನ್ನು, ಮತ್ತೆ ಕೆಳಕ್ಕೆ ಬಿಡುತ್ತದೆ. ಹಗುರ ಚೂರುಗಳು ಕೊಚ್ಚಿಹೋಗಿ, ಉಳಿದವು 1ರಿಂದ 3 ಮಿಲಿಮೀಟರಿನ ಗಟ್ಟಿ ಕಾಳುಗಳಾಗುತ್ತವೆ. ಇಡೀ ವಿನ್ಯಾಸದ ಜೀವಾಳ ಈ ಕಾಳು. ಸಕ್ಕರೆ ಬೀಟ್ ಕಾರ್ಖಾನೆಯ ತ್ಯಾಜ್ಯನೀರಿನ ಮೇಲೆ ಇದನ್ನು 6 ಘನಮೀಟರಿನ ಘಟಕದಲ್ಲಿ ಪರೀಕ್ಷಿಸಿ, 200 ಘನಮೀಟರಿನವರೆಗೆ ಬೆಳೆಸಿದರು. ಪೇಟೆಂಟ್ ಮಾಡಿಸಲಿಲ್ಲ. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ನಿರ್ಧಾರ ಇದೇ.

ಲೆಕ್ಕ ಸರಳ. ತೊಟ್ಟಿಯ ಎತ್ತರ 5 ಮೀಟರ್, ನೀರು ಉಳಿಯುವ ಅವಧಿ 8 ಗಂಟೆ ಎಂದರೆ ಮೇಲೇರುವ ವೇಗ ಗಂಟೆಗೆ ಸುಮಾರು 0.6 ಮೀಟರ್. ಕೊಳಚೆ ನೀರಿಗೆ ಇದು ಸರಿ. ಹೆಚ್ಚಿಸಿದರೆ ಕೆಸರು ತೇಲಿಹೋಗುತ್ತದೆ. ತೆಗೆದ ಪ್ರತಿ ಕಿಲೋ ಸಿಒಡಿಗೆ (ನೀರಿನ ಸಾವಯವ ಕೊಳೆಯನ್ನು, ಅದನ್ನು ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಲೆಕ್ಕದಲ್ಲಿ ಅಳೆಯುವ ಮಾಪನ) ಸೈದ್ಧಾಂತಿಕವಾಗಿ 0.35 ಘನಮೀಟರ್ ಮೀಥೇನ್ ಸಿಗಬೇಕು. ಕೊಳಚೆ ನೀರಿನಲ್ಲಿ ಕೈಗೆ ಸಿಗುವುದು ಕಡಿಮೆ, ಒಂದು ಪಾಲು ನೀರಿನಲ್ಲೇ ಕರಗಿ ಹೊರಬೀಳುತ್ತದೆ.

ಕೆಡುವುದು ಸಾಮಾನ್ಯವಾಗಿ ಆರಂಭದಲ್ಲೇ. ಅವಸರಪಟ್ಟು ಕೊಳೆಯ ಹೊರೆ ಏರಿಸಿದರೆ ಆಮ್ಲ ಮಾಡುವ ಜೀವಿಗಳು ಮುಂದೋಡುತ್ತವೆ, ಅದನ್ನು ತಿನ್ನುವವು ಹಿಂದುಳಿಯುತ್ತವೆ. ಪಿಎಚ್ 6.5ಕ್ಕಿಂತ ಇಳಿದರೆ ಮೀಥೇನ್ ಕುಸಿಯುತ್ತದೆ. ಆದರೆ ಪಿಎಚ್ ಬೀಳುವತನಕ ಕಾಯಬಾರದು: ಬಾಷ್ಪಶೀಲ ಆಮ್ಲ ಮತ್ತು ಕ್ಷಾರೀಯತೆಯ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯ) ಅನುಪಾತ 0.4 ದಾಟಿದ ಕೂಡಲೇ ಒಳಹರಿವು ತಗ್ಗಿಸಿ, ಬೇಕಿದ್ದರೆ ಸೋಡಿಯಂ ಬೈಕಾರ್ಬೊನೇಟ್ ಹಾಕಬೇಕು.

ಕಾನ್ಪುರದ ಜಾಜ್‌ಮೌನಲ್ಲಿ 1989ರಲ್ಲಿ ದಿನಕ್ಕೆ 50 ಲಕ್ಷ ಲೀಟರಿನ ಯುಎಎಸ್‌ಬಿ ಘಟಕ ಶುರುವಾಯಿತು. ಬೆಚ್ಚಗಿನ ಹವೆಗೆ ಈ ವಿಧಾನ ಹೇಳಿಮಾಡಿಸಿದಂತಿದೆ, 20 ಡಿಗ್ರಿಗಿಂತ ಕೆಳಗೆ ಮಂಕಾಗುತ್ತದೆ. ಲೆಟ್ಟಿಂಗಾ ಅವರಿಗೆ 2007ರಲ್ಲಿ ಟೈಲರ್ ಪ್ರಶಸ್ತಿ, 2009ರಲ್ಲಿ ಲೀ ಕ್ವಾನ್ ಯೂ ಜಲ ಪ್ರಶಸ್ತಿ ಬಂದವು. ಹಾಗೆಂದು ಯುಎಎಸ್‌ಬಿಯಿಂದ ಬಂದ ನೀರನ್ನು ನೇರವಾಗಿ ನದಿಗೆ ಬಿಡುವಂತಿಲ್ಲ. ಸಾರಜನಕ, ರಂಜಕ, ರೋಗಾಣುಗಳು ಬಹುತೇಕ ಹಾಗೇ ಉಳಿದಿರುತ್ತವೆ. ಮುಂದೆ ಕೊಳವೋ ಗಾಳಿ ಊದುವ ತೊಟ್ಟಿಯೋ ಬೇಕೇ ಬೇಕು.