ತೇರಿನ ಹೊತ್ತಿಗೆ ನನಗೆ ರಾತ್ರಿ ಪಾಳಿ

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬೆಯ ಜಾತ್ರೆ ಈ ಸಲವೂ ತಪ್ಪಿತು. ತೇರು ಬಿಡಕಿಬೈಲಿಗೆ ಹೊರಟಾಗ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಇನ್ನೂ ನಸುಕು. ಆಯಿ ಮೊಬೈಲ್ ಎತ್ತಿ ಹಿಡಿದು ತೇರು ತೋರಿಸುತ್ತಿದ್ದಳು. ನಾನು ಜಿಎಸ್‌ಐ ಸಂಶೋಧನಾ ಕೇಂದ್ರದಲ್ಲಿ ಯುರೇನಿಯಂ ಕಾಯುತ್ತಿದ್ದೆ.

“ಕೂಸೇ, ಯುರೇನಿಯಂ ಅಂದರೆ ಕೈಗಾದಲ್ಲಿ ಇರುವುದೇ ಅಲ್ಲವೇ? ಹತ್ತಿರ ಹೋಗಬೇಡ” ಎಂದರು ಅಪ್ಪ.

ಅದೇ ಧಾತು, ಕೆಲಸ ಮಾತ್ರ ಬೇರೆ. ಕೈಗಾದಲ್ಲಿ ಪರಮಾಣುವಿನ ಬೀಜವನ್ನು ಒಡೆಯುತ್ತಾರೆ; ನಾವು ಬೀಜವನ್ನು ಮುಟ್ಟುವುದಿಲ್ಲ. ಅತಿವೇಗದ ಯುರೇನಿಯಂ ಅಯಾನುಗಳನ್ನು, ಅಂದರೆ ತನ್ನ 92 ಎಲೆಕ್ಟ್ರಾನ್‌ಗಳಲ್ಲಿ ಕೆಲವನ್ನು ಆಗಲೇ ಕಳೆದುಕೊಂಡ ಪರಮಾಣುಗಳನ್ನು, ತೆಳು ಹಾಳೆಯ ಮೂಲಕ ಹಾಯಿಸಿ ಉಳಿದ ಎಲೆಕ್ಟ್ರಾನ್‌ಗಳನ್ನೂ ಕಳಚುತ್ತೇವೆ. ಹೀಗೆ ಬೋಳಾದ ಅಯಾನುಗಳು 108 ಮೀಟರ್ ಸುತ್ತಳತೆಯ ಉಂಗುರದಲ್ಲಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸುತ್ತು ಓಡುತ್ತವೆ. ಉಂಗುರದ ಒಂದು ಬದಿಯಲ್ಲಿ ಅದೇ ವೇಗದ ಎಲೆಕ್ಟ್ರಾನ್ ಕಂತೆಯನ್ನು ಅವುಗಳ ಜೊತೆಗೆ ಹರಿಸುತ್ತೇವೆ. ಎರಡು ಬಸ್ಸುಗಳು ಸಮಸಮವಾಗಿ ಸಾಗಿದರೆ ಒಂದರ ಕಿಟಕಿಯಿಂದ ಇನ್ನೊಂದಕ್ಕೆ ಕವಳ ದಾಟಿಸಬಹುದಲ್ಲ, ಹಾಗೆ ಯಾವುದೋ ಎಲೆಕ್ಟ್ರಾನ್ ಅಯಾನಿಗೆ ಸೇರಿಕೊಳ್ಳುತ್ತದೆ. ಇದೇ ಪುನಃಸಂಯೋಜನೆ.

ಸೇರುವಾಗ ಹೆಚ್ಚುವರಿ ಶಕ್ತಿ ಎಕ್ಸ್-ರೇ ಆಗಿ ಹೊರಬೀಳುತ್ತದೆ. ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಹಿಡಿದಿರುವುದು 13.6 ಎಲೆಕ್ಟ್ರಾನ್ ವೋಲ್ಟಿನಲ್ಲಿ (ಇದು ಪರಮಾಣು ಮಟ್ಟದ ಶಕ್ತಿಯ ಅಳತೆ). ಬೋಳು ಯುರೇನಿಯಂ ತನ್ನ ತೀರ ಒಳಗಿನ ಕಕ್ಷೆಗೆ ಬಂದದ್ದನ್ನು ಹಿಡಿಯುವುದು ಸುಮಾರು 1,32,000ದಲ್ಲಿ. ಎಲೆಕ್ಟ್ರಾನ್ ಪಡೆದ ಅಯಾನಿನ ವಿದ್ಯುದಂಶ ಒಂದು ಕಡಿಮೆಯಾಗುವುದರಿಂದ ಕಾಂತದೊಳಗೆ ಅದು ಕಡಿಮೆ ಬಾಗುತ್ತದೆ, ಗುಂಪು ಬಿಟ್ಟು ಹೊರ ಅಂಚಿನ ಪತ್ತೆಕಾರಕಕ್ಕೆ ಬಡಿಯುತ್ತದೆ. ಒಂದು ಬಡಿತ, ಒಂದು ಎಣಿಕೆ.

ನನ್ನನ್ನು ಇಲ್ಲಿ ಹಿಡಿದಿಟ್ಟಿರುವುದು ಆ ಎಣಿಕೆಯೇ. ಅಯಾನು, ಎಲೆಕ್ಟ್ರಾನ್ ಎರಡರ ವೇಗ ತೀರ ಸಮನಾದಾಗ ಸಿದ್ಧಾಂತದ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚು ಅಯಾನುಗಳು ಬಂದು ಬಡಿಯುತ್ತವೆ. ಬೋಳು ಅಯಾನಿನಲ್ಲೂ ಹೀಗೆಯೇ ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಗೋಜಲು ಮಾಡಲು ಅಲ್ಲಿ ಬೇರೆ ಎಲೆಕ್ಟ್ರಾನೇ ಇಲ್ಲ.

ಅಪ್ಪ ಅಡಿಕೆ ಮೂಟೆಗಳ ಲೆಕ್ಕ ಇಟ್ಟವರು. “ಹಾಗಾದರೆ ಎಣಿಸಿದ್ದು ತಪ್ಪೋ, ಲೆಕ್ಕ ತಪ್ಪೋ?” ಎಂದು ಕೇಳಿದರು.

“ಎಣಿಸಿದ್ದು ಸರಿಯಿದೆ ಅಪ್ಪ, ಬೇರೆ ಬೇರೆ ಉಂಗುರಗಳಲ್ಲೂ ಎಣಿಸಿದ್ದಾರೆ. ಎಲೆಕ್ಟ್ರಾನ್ ಕಂತೆಯನ್ನು ಕಾಯುವ ಕಾಂತಕ್ಷೇತ್ರದ ಬಲ ಬದಲಿಸಿದರೆ ಈ ಹೆಚ್ಚಳವೂ ಬದಲಾಗುತ್ತದೆ. ಅಂದರೆ ಲೆಕ್ಕದಲ್ಲಿ ಕಾಂತದ ಪಾಲು ಸರಿಯಾಗಿ ಸೇರಿಲ್ಲ.”

“ಹಾಗಾದರೆ ಆ ಪಾಲು ಎಷ್ಟೆಂದು ನೋಡು” ಎಂದರು. ಅಷ್ಟರಲ್ಲಿ ತೇರು ತಿರುವು ದಾಟಿತು. ಆಯಿ ಮೊಬೈಲನ್ನು ಇನ್ನೂ ಎತ್ತರಕ್ಕೆ ಹಿಡಿದಳು.